ಉಳುಮೆ ಬಿಟ್ಟರೆ ಹೂವೂ ಇಲ್ಲ: ಕ್ರೀಟ್ ದ್ವೀಪದ ಟ್ಯೂಲಿಪ್‌ಗಳು

(ಗಿಡ-ಹೂಗಳ ಆಸಕ್ತರ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಒಂದೆರಡು ವಾಕ್ಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟ್ಯೂಲಿಪ್ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಹಾಲೆಂಡು. ಆಮೇಲೆ ಶ್ರೀನಗರ. ದಾಲ್ ಸರೋವರದ ಪಕ್ಕ 2007ರಲ್ಲಿ ಶುರುವಾದ ಆ ಟ್ಯೂಲಿಪ್ ತೋಟಕ್ಕೆ ಏಪ್ರಿಲ್ ಬಂತೆಂದರೆ ನಮ್ಮ ಕಡೆಯಿಂದಲೂ ಜನ ಹೋಗುತ್ತಾರೆ. ನಿಮ್ಮಲ್ಲೂ ಹೋಗಿ ಬಂದವರಿದ್ದೀರಿ, ಮುಖ ನೋಡಿದರೇ ಗೊತ್ತಾಗುತ್ತಿದೆ. ಎರಡೂ ಕಡೆ ಕಾಣುವುದು ತೋಟದ ಹೂ. ಗೆಡ್ಡೆ ಕೊಂಡು ತಂದು, ಸಾಲು ಹಿಡಿದು ನೆಟ್ಟು, ನೀರು ಗೊಬ್ಬರ ಕೊಟ್ಟು ಬೆಳೆಸಿದ್ದು.

ಮೂಲದಲ್ಲಿ ಟ್ಯೂಲಿಪ್ ಕಾಡುಗಿಡ. ಜಾಸ್ತಿ ಬಗೆಗಳು ಇರುವುದು ಮಧ್ಯ ಏಷ್ಯಾದ ಬೆಟ್ಟಗಳಲ್ಲಿ. ಪಶ್ಚಿಮಕ್ಕೆ ಹೋದಂತೆ ಕಡಿಮೆಯಾಗುತ್ತವೆ. ಆದರೂ ಮೆಡಿಟರೇನಿಯನ್ ಸಮುದ್ರದಲ್ಲಿರುವ ಕ್ರೀಟ್ ಎಂಬ ಗ್ರೀಕ್ ದ್ವೀಪದಲ್ಲಿ ಇವತ್ತಿಗೂ ಕಾಡು ಟ್ಯೂಲಿಪ್‌ಗಳಿವೆ. ಯಾರು ಎಣಿಸುತ್ತಾರೆ ಎಂಬುದರ ಮೇಲೆ ನಾಲ್ಕೋ ಐದೋ ಬಗೆ. ಅವುಗಳಲ್ಲಿ ಎರಡರ ಬಗ್ಗೆ ಇವತ್ತು ಮಾತಾಡುತ್ತೇನೆ. ಒಂದು ನಸುನೇರಳೆ, ಇನ್ನೊಂದು ಕೆಂಪು. ಎರಡನ್ನೂ ಕಾಡುಹೂ ಅಂತಲೇ ಕರೆಯುತ್ತಾರೆ. ಆದರೆ ಇವು ಚೆನ್ನಾಗಿ ಬದುಕಿರುವುದು ರೈತ ಉಳುವ ಹೊಲದಲ್ಲಿ. ನನಗೆ ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಇಲ್ಲಿಗೆ ಬಂದು ಮುಟ್ಟುವ ದಾರಿ.

ಮೊದಲು ಜಾಗ ನೋಡೋಣ. ಕ್ರೀಟ್ ಉದ್ದಕ್ಕೆ ಸುಮಾರು 260 ಕಿಲೋಮೀಟರ್. ಅಗಲ ಅಷ್ಟಕ್ಕಷ್ಟೆ, ಪೂರ್ವದ ಕಡೆ ಒಂದು ಜಾಗದಲ್ಲಿ ಬರೀ 12 ಕಿಲೋಮೀಟರ್. ಇಂಥ ಕಿರಿದಾದ ನೆಲದ ಮೇಲೆ ಬೆಟ್ಟಗಳು ಒತ್ತೊತ್ತಾಗಿ ನಿಂತಿವೆ. ನಡುಭಾಗದ ಪ್ಸಿಲೋರಿಟಿಸ್ ಶಿಖರ 2,456 ಮೀಟರ್ ಎತ್ತರ. ಪಶ್ಚಿಮದಲ್ಲಿ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳ ಸಾಲು. ಅಲ್ಲಿನ ಪಾಖ್ನೆಸ್ ಶಿಖರ ಇದಕ್ಕಿಂತ ಮೂರು ಮೀಟರ್ ಗಿಡ್ಡ, ಅಷ್ಟೇ. ಸುಣ್ಣಕಲ್ಲಿನ ಬೆಟ್ಟಗಳು. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಮೇ ತಿಂಗಳಲ್ಲೂ ತುದಿಯಲ್ಲಿ ಬೆಳ್ಳಗೆ ಕಾಣುತ್ತಿರುತ್ತದೆ. ಕೆಳಗೆ ಕರಾವಳಿಯಲ್ಲಿ ಜನ ಕಿತ್ತಳೆ ಕೀಳುತ್ತಿರುತ್ತಾರೆ.

ಸುತ್ತಲಿನ ನೆಲದಿಂದ ಈ ದ್ವೀಪ ಬೇರೆಯಾಗಿ 50 ಲಕ್ಷ ವರ್ಷಗಳಿಗೂ ಹೆಚ್ಚಾಯಿತು. ಒಂದೊಂದು ಬೆಟ್ಟವೂ ತನ್ನದೇ ಒಂದು ದ್ವೀಪದ ಥರ. ಹಾಗಾಗಿ ಇಲ್ಲಿ ಸಹಜವಾಗಿ ಬೆಳೆಯುವ ಸುಮಾರು 1,800 ಬಗೆಯ ಗಿಡಗಳಲ್ಲಿ ಹತ್ತಕ್ಕೆ ಒಂದರಂತೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಮಳೆಯ ಲೆಕ್ಕ ನಮ್ಮದಕ್ಕೆ ಪೂರ್ತಿ ಉಲ್ಟಾ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಳೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಒಂದು ಹನಿ ಬಿದ್ದರೆ ದೊಡ್ಡದು. ನಮ್ಮಲ್ಲಿ ಹಸಿರು ಉಕ್ಕುವ ಹೊತ್ತಿಗೆ ಅಲ್ಲಿ ನೆಲ ಒಣಗಿ ಬಿರುಕು ಬಿಟ್ಟಿರುತ್ತದೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬಿಳಿ ಬೆಟ್ಟಗಳ ನಡುವೆ ಓಮಾಲೋಸ್ ಎಂಬ ಬಯಲಿದೆ. ಸುಮಾರು 1,100 ಮೀಟರ್ ಎತ್ತರದಲ್ಲಿ, ಸುತ್ತಲೂ ಬೆಟ್ಟ, ನಡುವೆ ಚಪ್ಪಟೆ ನೆಲ. ಹಿಮ ಕರಗಿದ ನೀರಿಗೆ ಹೊರಗೆ ಹರಿದುಹೋಗಲು ಹೊಳೆಯೇ ಇಲ್ಲ. ಅಂಚಿನಲ್ಲಿರುವ ತ್ಸಾನಿಸ್ ಎಂಬ ಗುಹೆಯ ಬಾಯೊಳಗೆ ಇಳಿದು ಸುಣ್ಣಕಲ್ಲಿನ ಬಿರುಕುಗಳಲ್ಲಿ ಮಾಯವಾಗುತ್ತದೆ. ಹಾಗೆ ಹೋಗುವಾಗ ಹೊತ್ತು ತಂದ ಕೆಂಪು ಮಣ್ಣನ್ನು ಬಯಲಿನಲ್ಲೇ ಬಿಟ್ಟುಹೋಗುತ್ತದೆ. ಬೆಟ್ಟವೆಲ್ಲ ಬರೀ ಬಂಡೆಯಾಗಿರುವ ಜಾಗದಲ್ಲಿ ಇಷ್ಟು ಮಣ್ಣು ಸಿಕ್ಕರೆ ರೈತ ಬಿಡುತ್ತಾನಾ? ಆಲೂಗಡ್ಡೆ, ಬಾರ್ಲಿ ಬೆಳೆಯುತ್ತಾರೆ. ಕುರಿ, ಮೇಕೆ ಮೇಯಿಸುತ್ತಾರೆ. ಚಳಿಗಾಲಕ್ಕೆ ಎಲ್ಲರೂ ಕೆಳಗಿಳಿದು ಹೋಗುತ್ತಾರೆ.

ಏಪ್ರಿಲ್ ಕೊನೆಗೆ ಈ ಬಯಲಿನ ಹೊಲಗಳಲ್ಲಿ ನಸುನೇರಳೆ ಟ್ಯೂಲಿಪ್ ಅರಳುತ್ತದೆ. ಒಂದು ಗೇಣಿಗಿಂತ ಎತ್ತರ ಬೆಳೆಯುವುದು ಕಡಿಮೆ. ಬೇರೆ ಟ್ಯೂಲಿಪ್‌ಗಳ ಎಲೆ ಬೂದಿ ಬಳಿದ ಹಾಗೆ ಮಂಕಾಗಿದ್ದರೆ ಇದರ ಎಲೆ ಹಸಿರು, ಎಣ್ಣೆ ಸವರಿದ ಹೊಳಪು. ಒಂದು ಕಾಂಡಕ್ಕೆ ಒಂದರಿಂದ ನಾಲ್ಕು ಹೂ. ಮುಚ್ಚಿದಾಗ ಪಕ್ಕದಿಂದ ನೋಡಿದರೆ ಅಂಥಾ ವಿಶೇಷ ಏನೂ ಇಲ್ಲ. ಬಿಸಿಲೇರಿ ಆರು ದಳಗಳೂ ಬಿಚ್ಚಿಕೊಂಡ ಮೇಲೆ ಬಗ್ಗಿ ಒಳಗೆ ನೋಡಬೇಕು. ಬುಡದಲ್ಲಿ ಗಾಢ ಹಳದಿ. ಆ ಹಳದಿಯ ಸುತ್ತ ತೆಳ್ಳಗೆ ಒಂದು ಬಿಳಿ ಅಂಚು. ಅದರಾಚೆ ನೇರಳೆ. ಹಳದಿ ಮುಗಿಯುವ ಜಾಗ ಅಷ್ಟು ಖಚಿತವಾಗಿದೆ ಅಂದರೆ, ಯಾರೋ ಕುಂಚ ಹಿಡಿದು ಕೂತು ಬರೆದಿರಬೇಕು ಅನ್ನಿಸುತ್ತದೆ. ಮೂಗು ಹತ್ತಿರ ಒಯ್ದರೆ ಸಣ್ಣಗೆ ಪರಿಮಳವೂ ಇದೆ. ಸಂಜೆ ತಣ್ಣಗಾದ ಕೂಡಲೇ ಮತ್ತೆ ಮುಚ್ಚಿಕೊಳ್ಳುತ್ತದೆ. ಇದು ಬೆಳಕಿಗಿಂತ ಜಾಸ್ತಿ ಶಾಖದ ಆಟ. ಬೆಚ್ಚಗಾದಾಗ ದಳದ ಒಳಮೈ ಬೇಗ ಬೆಳೆಯುತ್ತದೆ, ದಳ ಹೊರಕ್ಕೆ ಬಾಗುತ್ತದೆ. ತಣ್ಣಗಾದಾಗ ಹೊರಮೈಯ ಸರದಿ, ಹೂ ಮುಚ್ಚುತ್ತದೆ. ದಿನಾ ಹೀಗೆ ತೆರೆದು ಮುಚ್ಚುವುದರಿಂದಲೇ ಟ್ಯೂಲಿಪ್‌ನ ದಳಗಳು ದಿನದಿಂದ ದಿನಕ್ಕೆ ಸ್ವಲ್ಪ ಉದ್ದವಾಗುತ್ತವೆ.

ಇದರ ಹೆಸರು ಟ್ಯುಲಿಪಾ ಸ್ಯಾಕ್ಸಾಟಿಲಿಸ್. 1817ರಲ್ಲಿ ಪ್ರಾಗ್ ನಗರದ ಫ್ರಾಂಜ್ ವಿಲ್ಹೆಲ್ಮ್ ಸೀಬರ್ ಎಂಬಾತ ಕ್ರೀಟ್‌ಗೆ ಬಂದ. ಆಗ ದ್ವೀಪ ಆಟೊಮನ್ ತುರ್ಕರ ಕೈಯಲ್ಲಿತ್ತು. ಗಿಡಗಳನ್ನು ಒಣಗಿಸಿ, ಕಾಗದಕ್ಕೆ ಅಂಟಿಸಿ, ಯೂರೋಪಿನ ಸಂಗ್ರಹಕಾರರಿಗೆ ಮಾರುವುದು ಅವನ ಕಸುಬು. ಆಗಿನ ಕಾಲಕ್ಕೆ ಅದೊಂದು ದೊಡ್ಡ ವ್ಯಾಪಾರ. 1823ರಲ್ಲಿ ಈ ಪ್ರವಾಸದ ಬಗ್ಗೆ ಪುಸ್ತಕವನ್ನೂ ಬರೆದ. ಅವನು ಇಟ್ಟ ಹೆಸರನ್ನೇ 1825ರಲ್ಲಿ ಸ್ಪ್ರೆಂಗೆಲ್ ಎಂಬ ಜರ್ಮನ್ ವಿಜ್ಞಾನಿ ಅಚ್ಚು ಹಾಕಿಸಿದ. ಓಮಾಲೋಸ್ ಬಯಲಿನದು ಬಣ್ಣದಲ್ಲಿ ಇನ್ನೂ ಗಾಢ ಅಂತ ಹೇಳಿ 1938ರಲ್ಲಿ ಡೇನಿಯಲ್ ಹಾಲ್ ಎಂಬ ಇಂಗ್ಲಿಷ್ ತಜ್ಞ ಅದಕ್ಕೆ ಟ್ಯುಲಿಪಾ ಬೇಕರಿ ಎಂದು ಬೇರೆಯೇ ಹೆಸರಿಟ್ಟ. ಈಗ ಹೆಚ್ಚಿನವರು ಎರಡನ್ನೂ ಒಂದೇ ಅನ್ನುತ್ತಾರೆ. ಈ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಆದರೆ ಹಾಲ್‌ಗೆ ಕಂಡ ವ್ಯತ್ಯಾಸದ ಹಿಂದೆ ಒಂದು ನಿಜ ಇದೆ, ಅದು ಮುಖ್ಯ.

ಟ್ಯೂಲಿಪ್‌ಗಳಲ್ಲಿ ಕ್ರೋಮೋಸೋಮ್‌ಗಳು, ಅಂದರೆ ಜೀವಕೋಶದೊಳಗೆ ವಂಶದ ಗುಣ ಹೊತ್ತ ಎಳೆಗಳು, 12ರ ಕಟ್ಟಿನಲ್ಲಿ ಬರುತ್ತವೆ. ಸಾಮಾನ್ಯ ಟ್ಯೂಲಿಪ್‌ಗೆ ಎರಡು ಕಟ್ಟು, ಅಂದರೆ 24. ಓಮಾಲೋಸ್‌ನ ಗಾಢ ಬಣ್ಣದ್ದಕ್ಕೂ 24. ಆದರೆ ಸ್ಯಾಕ್ಸಾಟಿಲಿಸ್ ಗಿಡಗಳಲ್ಲಿ ತುಂಬಾ ಕಡೆ ಮೂರು ಕಟ್ಟು, 36. ಮೂರನ್ನು ಸಮವಾಗಿ ಎರಡು ಪಾಲು ಮಾಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಪರಾಗ ಸರಿಯಾಗಿ ಆಗುವುದಿಲ್ಲ, ಬೀಜ ಕಟ್ಟುವುದಿಲ್ಲ. ಇದು ನಮಗೆ ಹೊಸದೇನಲ್ಲ. ನಂಜನಗೂಡು ರಸಬಾಳೆಯ ಕಥೆಯೂ ಇದೇ. ಅದಕ್ಕೂ ಮೂರು ಕಟ್ಟು, ಅದಕ್ಕೇ ಹಣ್ಣಿನಲ್ಲಿ ಬೀಜ ಇಲ್ಲ. ಬಾಳೆ ಮುಂದುವರಿಯುವುದು ಕಂದಿನಿಂದ, ಕಂದು ಕಿತ್ತು ಬೇರೆ ಕಡೆ ನೆಡುವ ರೈತನಿಂದ. ಕೇಸರಿ ಹೂವೂ ಹೀಗೇ, ಬೀಜ ಇಲ್ಲ, ಗೆಡ್ಡೆಯಿಂದಲೇ ಎಲ್ಲ.

ಹಾಗಾದರೆ ಈ ಟ್ಯೂಲಿಪ್ ಬೀಜವಿಲ್ಲದೆ ಹೇಗೆ ಹರಡುತ್ತದೆ? ಇದನ್ನು ನಾನು ಕಣ್ಣಾರೆ ಕಂಡದ್ದು ಕ್ರೀಟ್‌ನಲ್ಲಲ್ಲ, ಇಂಗ್ಲೆಂಡಿನಲ್ಲಿ. ಅಲ್ಲಿ ಕೆಲಸದಲ್ಲಿದ್ದಾಗ ಕುಂಡದಲ್ಲಿ ಇದರ ಗೆಡ್ಡೆಗಳನ್ನು ಹಾಕಿದ್ದೆ. ಡಚ್ಚರು ಬೆಳೆಸಿ ಮಾರುವ ಲೈಲ್ಯಾಕ್ ವಂಡರ್ ಎಂಬ ತಳಿ, ಟ್ಯುಲಿಪಾ ಬೇಕರಿಯಿಂದ ಆರಿಸಿದ್ದು. ಎಲೆ ಒಣಗಿದ ಮೇಲೆ ಆಗಸ್ಟ್‌ನಲ್ಲಿ ಕುಂಡವನ್ನು ಹಾಳೆಯ ಮೇಲೆ ಬೋರಲು ಹಾಕಿದೆ. ನೆಟ್ಟ ಗೆಡ್ಡೆಗಳು ನೆಟ್ಟಲ್ಲಿ ಇರಲಿಲ್ಲ. ಕಂದು ಸಿಪ್ಪೆಯ ಸಣ್ಣ ಗೆಡ್ಡೆಗಳೆಲ್ಲ ಕುಂಡದ ತಳದಲ್ಲಿ ಗುಂಪು ಕಟ್ಟಿದ್ದವು. ಒಂದು ನೀರು ಬಸಿಯುವ ತೂತಿನಲ್ಲೇ ಸಿಕ್ಕಿಕೊಂಡಿತ್ತು, ಬಿಡಿಸಲು ಕುಂಡವನ್ನೇ ಒಡೆಯಬೇಕಾಯಿತು. ಪ್ರತಿಯೊಂದಕ್ಕೂ ಒಣಗಿದ ದಾರದಂಥ ಒಂದು ಬಾಲ. ತಾಯಿ ಗೆಡ್ಡೆಯಿಂದ ಹೊರಟ ಕುಡಿ ಅದು. ನೆಲದೊಳಗೆ ಅಡ್ಡಕ್ಕೋ ಕೆಳಕ್ಕೋ ಸಾಗಿ ತುದಿಯಲ್ಲಿ ಹೊಸ ಗೆಡ್ಡೆ ಕಟ್ಟುತ್ತದೆ. ತಾಯಿ ಗೆಡ್ಡೆ ಅಷ್ಟರಲ್ಲಿ ಕರಗಿ ಮುಗಿದಿರುತ್ತದೆ. ಟ್ಯೂಲಿಪ್ ಗೆಡ್ಡೆಗೆ ಒಂದೇ ವರ್ಷದ ಆಯಸ್ಸು. ಪ್ರತಿ ವರ್ಷ ಹಳೆಯದು ಖಾಲಿಯಾಗಿ ಹೊಸದು ಹುಟ್ಟುತ್ತದೆ.

ಬೇಸಿಗೆಯಲ್ಲಿ ಇದು ಸುಮ್ನೆ ಮಲಗಿರುತ್ತದೆ ಅಂದುಕೊಳ್ಳಬೇಡಿ. ಎಲೆ ಒಣಗಿ, ನೆಲದ ಮೇಲೆ ಗಿಡ ಇದ್ದ ಗುರುತೇ ಇಲ್ಲದ ಆ ತಿಂಗಳುಗಳಲ್ಲಿ ಗೆಡ್ಡೆಯೊಳಗೆ ಮುಂದಿನ ವಸಂತದ ಹೂ ತಯಾರಾಗುತ್ತಿರುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಗೆಡ್ಡೆಯನ್ನು ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ದಳ, ಕೇಸರ ಎಲ್ಲ ಪುಟ್ಟದಾಗಿ ಕಾಣುತ್ತವೆ. ಈ ಕೆಲಸಕ್ಕೆ ಬಿಸಿ ನೆಲ ಬೇಕು, ಒಣ ನೆಲ ಬೇಕು. ಆಮೇಲೆ ಕಾಂಡ ಉದ್ದವಾಗಲು ಚಳಿ ಬೇಕು. ಇಂಗ್ಲೆಂಡಿನ ತಂಪು, ತೇವದ ಬೇಸಿಗೆಯಲ್ಲಿ ಹೂ ಕಟ್ಟುವುದೇ ಕಷ್ಟ. ಕುಡಿ ಓಡಿಸುತ್ತದೆ, ಎಲೆ ಬಿಡುತ್ತದೆ, ಹೂ ಮಾತ್ರ ಇಲ್ಲ. ಅಲ್ಲಿನ ಹಳೇ ತೋಟಗಾರರು ಇದನ್ನು ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ, ಅಕ್ಕಪಕ್ಕ ಕಲ್ಲು ಹೂತು, ಓಡಲು ಜಾಗ ಕೊಡದ ಹಾಗೆ ನೆಡುತ್ತಾರೆ.

ಈಗ ಕೆಂಪು ಹೂವಿಗೆ ಬರೋಣ. ನನ್ನ ಪ್ರಕಾರ ಇದೇ ಹೆಚ್ಚು ಕುತೂಹಲದ್ದು.

ದ್ವೀಪದ ನಡುಭಾಗದಲ್ಲಿ, ರೆಥಿಮ್ನೊ ಜಿಲ್ಲೆಯಲ್ಲಿ ಸ್ಪಿಲಿ ಅಂತ ಒಂದು ಊರು. ಸಾಲಾಗಿ ಕಲ್ಲಿನ ಸಿಂಹಗಳ ಬಾಯಿಂದ ನೀರು ಬೀಳುವ ಹಳೇ ಕಾರಂಜಿ ಇದೆ, ಪ್ರವಾಸಿಗರು ಅದರ ಫೋಟೊ ತೆಗೆದುಕೊಂಡು ಹೋಗಿಬಿಡುತ್ತಾರೆ. ಊರು ದಾಟಿ ಗೆರಕಾರಿ ಕಡೆಗೆ ಬೆಟ್ಟದ ರಸ್ತೆ ಹಿಡಿದರೆ 1,777 ಮೀಟರಿನ ಕೆಡ್ರೋಸ್ ಬೆಟ್ಟದ ತಪ್ಪಲಲ್ಲಿ ಯೂಸ್ ಕಾಂಬೋಸ್ ಎಂಬ ಬಯಲು ಸಿಗುತ್ತದೆ. ಏಪ್ರಿಲ್ ನಡುವಿನಲ್ಲಿ ಅಲ್ಲಿನ ಹೊಲಗಳಲ್ಲಿ ಬಾರ್ಲಿ, ಓಟ್ಸ್ ಪೈರು ಮೊಣಕಾಲು ಮುಟ್ಟದಷ್ಟು ಎತ್ತರ ಇರುತ್ತದೆ. ಅದರ ನಡುವೆ ಸಾವಿರಗಟ್ಟಲೆ ಕೆಂಪು ಟ್ಯೂಲಿಪ್. ಇಟ್ಟಿಗೆಯ ಛಾಯೆ ಇರುವ ಕೆಂಪು, ಒಳಗೆ ಬುಡದಲ್ಲಿ ಕಪ್ಪು ಮಚ್ಚೆ. ಹೊಲದ ಅಂಚಿನಲ್ಲಿ ನಿಂತು ನೋಡಿದರೆ ಹೂಗಳು ಅಲ್ಲೊಂದು ಇಲ್ಲೊಂದು ಚೆಲ್ಲಿದ ಹಾಗಿಲ್ಲ. ಉಳುಮೆಯ ದಿಕ್ಕಿನಲ್ಲೇ ಉದ್ದಕ್ಕೆ ಎಳೆದ ಹಾಗಿವೆ. ನನಗೆ ವಿಷಯ ಹೊಳೆದದ್ದು ಅಲ್ಲೇ.

ಇದರ ಹೆಸರು ಟ್ಯುಲಿಪಾ ಡೋರ್ಫ್ಲೆರಿ. 1904ರಲ್ಲಿ ಕ್ರೀಟ್ ಸುತ್ತಿದ ಆಸ್ಟ್ರಿಯಾದ ಇಗ್ನಾಜ್ ಡೋರ್ಫ್ಲರ್ ನೆನಪಿಗೆ ಇಟ್ಟದ್ದು. ಇಟ್ಟವನು ಮಿಶೆಲ್ ಗಾಂದೊಜೆ ಎಂಬ ಫ್ರೆಂಚ್ ಪಾದ್ರಿ. ಕಂಡ ಕಂಡದ್ದಕ್ಕೆಲ್ಲ ಹೊಸ ಹೆಸರಿಡುವ ಚಟದ ಮನುಷ್ಯ. ಅವನಿಟ್ಟ ಸಾವಿರಾರು ಹೆಸರುಗಳನ್ನು ಆಮೇಲಿನವರು ಕಸಕ್ಕೆ ಹಾಕಿದರು. ಇದನ್ನೂ ಈಗ ಹಲವರು ಗ್ರೀಸ್‌ನ ಇನ್ನೊಂದು ಟ್ಯೂಲಿಪ್ ಆದ ಆರ್ಫನಿಡಿಯಾದ ಒಂದು ರೂಪ ಅನ್ನುತ್ತಾರೆ. ಈ ಕೆಂಪು ಹೂವಿಗೂ ಮೂರು ಕಟ್ಟು ಕ್ರೋಮೋಸೋಮ್. ಇದಕ್ಕೂ ಗೆಡ್ಡೆಯೇ ಗತಿ.

ಈಗ ರೈತನ ವರ್ಷವನ್ನೂ ಹೂವಿನ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಮಳೆ ಬಿದ್ದ ಮೇಲೆ ಹೊಲ ಉಳುತ್ತಾರೆ. ಆಗ ಗೆಡ್ಡೆ ಆಳದಲ್ಲಿದೆ, ಮೊಳಕೆ ಮೇಲೆ ಬಂದಿಲ್ಲ. ಹಳೇ ನೇಗಿಲು ಮಣ್ಣನ್ನು ಮೇಲೆ ಮೇಲೆ ಕೆದಕುತ್ತಿತ್ತು, ಬಲಿತ ಗೆಡ್ಡೆಯ ಆಳಕ್ಕೆ ಇಳಿಯುತ್ತಿರಲಿಲ್ಲ. ಮೇಲಿನ ಪದರದಲ್ಲಿದ್ದ ಮರಿಗೆಡ್ಡೆಗಳನ್ನು ಮಾತ್ರ ಎತ್ತಿ, ಎಳೆದು, ನಾಲ್ಕು ಹೆಜ್ಜೆ ಆಚೆ ಹಾಕುತ್ತಿತ್ತು. ಬೀಜ ಇಲ್ಲದ ಗಿಡಕ್ಕೆ ಇದಕ್ಕಿಂತ ಇನ್ನೇನು ಬೇಕು? ಆಮೇಲೆ ಪೈರು ಏಳುತ್ತದೆ, ಜೊತೆಗೇ ಟ್ಯೂಲಿಪ್‌ನ ಎಲೆಯೂ. ಪೈರು ಎತ್ತರ ಬೆಳೆದು ನೆರಳು ಮಾಡುವ ಮುಂಚೆ ಹೂ ಮುಗಿದಿರುತ್ತದೆ. ಕೊಯ್ಲಿನ ಹೊತ್ತಿಗೆ ಎಲೆ ಒಣಗಿ, ಗೆಡ್ಡೆಗೆ ಬೇಕಾದದ್ದೆಲ್ಲ ಒಳಗೆ ಸೇರಿರುತ್ತದೆ. ಕುಡುಗೋಲಿಗೆ ಸಿಗಲು ಏನೂ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ಹೊಲ ಖಾಲಿ, ಬಿಸಿಲು ನೇರ ನೆಲಕ್ಕೆ.

ಇನ್ನೊಂದು ಲಾಭ ಇದೆ. ಉಳದ ನೆಲವನ್ನು ಅಲ್ಲಿ ಮುಳ್ಳುಪೊದೆ ನುಂಗಿಬಿಡುತ್ತದೆ. ಮೊಣಕಾಲೆತ್ತರದ, ಉಂಡೆಯಾಗಿ ಬೆಳೆಯುವ ಪೊದೆಗಳು, ಕಾಲಿಟ್ಟರೆ ಪ್ಯಾಂಟು ಹರಿಯುತ್ತದೆ. ಮೇಕೆಗಳೂ ಅದನ್ನು ಮುಟ್ಟುವುದಿಲ್ಲ. ನಿಜ ಹೇಳಬೇಕೆಂದರೆ ಹೊಲದ ಹೊರಗೆ ಈ ಮುಳ್ಳೇ ಕೆಲವು ಹೂಗಳಿಗೆ ಕಾವಲು. ಮೇಕೆ ಬಾಯಿ ಹಾಕಲಾಗದ ಕಡೆಯಿಂದ ಒಂದೊಂದು ಹೂ ತಲೆ ಎತ್ತಿರುತ್ತದೆ. ಆದರೆ ಹೊಲ ತುಂಬಾ ಹೂ ಬೇಕಾದರೆ ನೇಗಿಲೇ ಆಗಬೇಕು.

ಹಾಗಾಗಿ ಈ ಹೂವಿಗೆ ಎರಡು ಕಡೆಯಿಂದ ಅಪಾಯ. ದೊಡ್ಡ ಟ್ರ್ಯಾಕ್ಟರ್ ತಂದು ಆಳವಾಗಿ ಉತ್ತರೆ ಬಲಿತ ಗೆಡ್ಡೆ ಮೇಲೆ ಬಂದು ಒಣಗುತ್ತದೆ, ಕಳೆನಾಶಕ ಹೊಡೆದರೆ ಎಲೆ ಸಾಯುತ್ತದೆ. ಮೆಡಿಟರೇನಿಯನ್ ಸುತ್ತಲಿನ ಹೊಲಗಳ ಟ್ಯೂಲಿಪ್‌ಗಳು ಎಷ್ಟೋ ಕಡೆ ಕಡಿಮೆಯಾದದ್ದು ಹೀಗೆ. ಇದು ಎಲ್ಲರಿಗೂ ಅರ್ಥವಾಗುವ ಅಪಾಯ. ಇನ್ನೊಂದು ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಮಕ್ಕಳು ಪೇಟೆ ಸೇರಿ, ವಯಸ್ಸಾದವರು ಬೇಸಾಯ ಬಿಟ್ಟರೆ ಹೊಲ ಮುಳ್ಳಿನ ಪಾಲು. ಇಲ್ಲವೇ ಕುರಿಗಳ ಪಾಲು. 1981ರಲ್ಲಿ ಗ್ರೀಸ್ ಯೂರೋಪಿನ ಒಕ್ಕೂಟ ಸೇರಿದ ಮೇಲೆ ತಲೆಗಿಷ್ಟು ಎಂದು ಸಹಾಯಧನ ಬರತೊಡಗಿ ಕ್ರೀಟ್‌ನ ಬೆಟ್ಟಗಳಲ್ಲಿ ಕುರಿ-ಮೇಕೆ ವಿಪರೀತ ಜಾಸ್ತಿಯಾದವು. ಅದಕ್ಕೇ ಓಮಾಲೋಸ್‌ನಲ್ಲಿ ಈಗ ಹೂ ಹುಡುಕುವವರು ಮೊದಲು ಬೇಲಿ ಹುಡುಕುತ್ತಾರೆ. ಬೇಲಿಯ ಒಳಗೆ ನೇರಳೆ, ಹೊರಗೆ ಕತ್ತರಿಸಿದ ಹುಲ್ಲು.

ಜಾಗಕ್ಕೆ ಬೀಗ ಹಾಕಿ, ಬೋರ್ಡು ನೆಟ್ಟು, ಯಾರೂ ಕಾಲಿಡಬೇಡಿ ಅಂದರೆ ಕಾಡುಹೂ ಉಳಿಯುತ್ತದೆ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಓಮಾಲೋಸ್ ಪಕ್ಕದ ಸಮಾರಿಯಾ ಕಣಿವೆಗೆ ಅದು ಸರಿ. 1962ರಿಂದ ಅದು ರಾಷ್ಟ್ರೀಯ ಉದ್ಯಾನ, ಅಲ್ಲಿನ ಕಾಡುಮೇಕೆಗಳು ಉಳಿದದ್ದು ಅದರಿಂದಲೇ. ಯೂಸ್ ಕಾಂಬೋಸ್‌ಗೆ ಅದನ್ನೇ ಮಾಡಿದರೆ ಕೆಂಪು ಟ್ಯೂಲಿಪ್ ಹೊಲವೇ ಇರುವುದಿಲ್ಲ. ಅಲ್ಲಿ ಕಾಪಾಡಬೇಕಾದದ್ದು ಒಂದು ಬಡ ಬೇಸಾಯವನ್ನು. ಜಾಸ್ತಿ ಗೊಬ್ಬರ ಇಲ್ಲದ, ಜಾಸ್ತಿ ಇಳುವರಿಯೂ ಇಲ್ಲದ ಬೇಸಾಯ. ಅದನ್ನು ಮಾಡುವ ರೈತನಿಗೆ ಏನು ಸಿಗುತ್ತದೆ ಅಂತ ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಹೂ ನೋಡಲು ಬಂದವರು ಅವನ ಪೈರು ತುಳಿದು ಹೋಗುತ್ತಾರೆ, ಅದಂತೂ ಸಿಗುತ್ತದೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: “ಸರ್, ಇದನ್ನು ಬೆಂಗಳೂರಿನಲ್ಲಿ ಬೆಳೆಸಬಹುದಾ?” ಬೇರೆ ಟ್ಯೂಲಿಪ್‌ಗಳಿಗಿಂತ ನಸುನೇರಳೆಯದಕ್ಕೆ ಚಳಿ ಕಡಿಮೆ ಸಾಕು. ಕ್ಯಾಲಿಫೋರ್ನಿಯಾದಂಥ ಕಡೆ ಚೆನ್ನಾಗಿಯೇ ಬರುತ್ತದೆ. ನಮ್ಮ ತೊಂದರೆ ಚಳಿಯದ್ದಷ್ಟೇ ಅಲ್ಲ. ಅದು ಒಣಗಿ ಕೂರಬೇಕಾದ ಜೂನ್‌ನಿಂದ ಸೆಪ್ಟೆಂಬರ್ ನಮಗೆ ಮಳೆಗಾಲ. ಫ್ರಿಜ್ಜಿನಲ್ಲಿಟ್ಟ ಗೆಡ್ಡೆ ತಂದರೆ ಒಂದು ಸಲ ಹೂ ನೋಡಬಹುದು, ಮುಂದಿನ ವರ್ಷಕ್ಕೆ ಗೆಡ್ಡೆ ಕೊಳೆತಿರುತ್ತದೆ. ಗೆಡ್ಡೆಯ ಆಟ ನೋಡಬೇಕಿದ್ದರೆ ನಮ್ಮ ಗೌರಿ ಹೂವನ್ನೇ ಹಾಕಿ. ಅದೂ ಒಣಗಾಲದಲ್ಲಿ ನೆಲದೊಳಗೆ ಅಡಗಿದ್ದು, ಮಳೆ ಬಂದಾಗ ಎದ್ದು, ಗೌರಿ ಹಬ್ಬದ ಹೊತ್ತಿಗೆ ಅರಳುತ್ತದೆ. ಕ್ಯಾಲೆಂಡರ್ ಮಾತ್ರ ಉಲ್ಟಾ. ಗೆಡ್ಡೆ ವಿಷ, ಮಕ್ಕಳಿರುವ ಮನೆಯಲ್ಲಿ ಜೋಪಾನ.

ಇನ್ನೊಬ್ಬರು ಅಲ್ಲಿಗೆ ಹೋಗುವ ಬಗ್ಗೆ ಕೇಳಿದರು. ಕ್ರೀಟ್‌ಗೆ ಹೋಗುವವರು ಹೆಚ್ಚಾಗಿ ಸಮಾರಿಯಾ ಕಣಿವೆ ನಡೆಯಲು ಹೋಗುತ್ತಾರೆ. ಓಮಾಲೋಸ್ ಬಯಲನ್ನು ದಾಟಿಯೇ ಅಲ್ಲಿಗೆ ಹೋಗಬೇಕು. ಆದರೆ ಕಣಿವೆ ತೆರೆಯುವುದು ಸಾಮಾನ್ಯವಾಗಿ ಮೇ ತಿಂಗಳಲ್ಲಿ, ಆ ಹೊತ್ತಿಗೆ ಹೂ ಮುಗಿಯುತ್ತಾ ಬಂದಿರುತ್ತದೆ. ಟ್ಯೂಲಿಪ್ ಬೇಕಾದರೆ ಏಪ್ರಿಲ್ ನಡುವಿನಲ್ಲಿ ಸ್ಪಿಲಿ, ಕೊನೆಯ ವಾರದಲ್ಲಿ ಓಮಾಲೋಸ್. ಹಿಮ ಹೆಚ್ಚು ಬಿದ್ದ ವರ್ಷ ಇನ್ನೊಂದು ವಾರ ತಡ. ಬಸ್ಸು ನಂಬಿಕೊಳ್ಳಬೇಡಿ, ಬಾಡಿಗೆ ಕಾರು ತೆಗೆದುಕೊಳ್ಳಿ. ಹೊಲದ ಬದುವಿನ ಮೇಲೇ ನಿಂತು ನೋಡಿ, ಪೈರಿನೊಳಗೆ ಇಳಿಯಬೇಡಿ. ಬೆಳಿಗ್ಗೆ ಎಂಟಕ್ಕೇ ಹೋಗಿ ಪ್ರಯೋಜನವಿಲ್ಲ, ಹನ್ನೊಂದರ ಮೇಲೆ ಹೋಗಿ. ಮೋಡ ಇದ್ದರೆ ಸ್ಪಿಲಿಯಲ್ಲಿ ಕಾಫಿ ಕುಡಿಯುತ್ತಾ ಕಾಯಿರಿ. ಬಿಸಿಲು ಬೀಳದೆ ಅವು ಬಾಯಿ ಬಿಡುವುದಿಲ್ಲ.